ಏಳೂವರೆಯ ಪಿಶಾಚಿ

ಸಂಜೆ ಏಳೂವರೆಗೆ ಅವನು ಬರುತ್ತಿದ್ದ. ಸೋಮವಾರದಿಂದ ಶುಕ್ರವಾರದವರೆಗೆ, ಜಾಹೀರಾತೂ ಸೇರಿ ಅರ್ಧ ಗಂಟೆ. ಹಿಂದಿಯಿಂದ ಕನ್ನಡಕ್ಕೆ ಡಬ್ ಆದ ಸೀರಿಯಲ್. ಅವನು ಮನುಷ್ಯನಲ್ಲ, ಮುನ್ನೂರು ವರ್ಷದಿಂದ ಸಾಯದೆ ಉಳಿದ ಪಿಶಾಚಿ. ಊರಿನವರ ರಕ್ತವನ್ನೆಲ್ಲ ಕುಡಿಯುತ್ತಿದ್ದ, ಒಬ್ಬಳದ್ದು ಮಾತ್ರ ಕುಡಿಯುತ್ತಿರಲಿಲ್ಲ. ಅದೊಂದೇ ಕಾರಣಕ್ಕೆ ಹಂಗಾರಕಟ್ಟೆಯ ನಮ್ಮ ಮನೆಯ ಮೂರು ಹೆಂಗಸರು, ಅಮ್ಮ, ತಂಗಿ ಮತ್ತು ನಾನು, ಅವನಿಗಾಗಿ ಕಾದು ಕೂರುತ್ತಿದ್ದೆವು.

ಅಮ್ಮ ಒಣಮೀನು ಮಾಡುವವಳು. ಅಂಗಳದಲ್ಲಿ ಹರಡಿದ ಮೀನು ಎತ್ತಿಟ್ಟು, ಸೋಪು ಹಾಕಿ ಕೈ ತೊಳೆದು, ಏಳೂಕಾಲಿಗೇ ಟಿವಿ ಮುಂದೆ ಚಾಪೆ ಹಾಸುತ್ತಿದ್ದಳು. "ಆ ಹೆಣ್ಣಿಗೆ ಒಂಚೂರೂ ಬುದ್ಧಿ ಇಲ್ಲೆ" ಎಂದು ನಾಯಕಿಯನ್ನು ಬಯ್ಯುವುದು, ಮರುಗಳಿಗೆಯಲ್ಲೇ "ಪಿಶಾಚಿ ಆದ್ರೂ ಕಣ್ಣ್ ಎಷ್ಟ್ ಚಂದ ಕಾಣ್" ಎನ್ನುವುದು. ದೋಣಿ ಕಟ್ಟುವ ಬಡಗಿಯಾದ ಅಪ್ಪ ಮಾತ್ರ ಚಾವಡಿಯ ಆಚೆ ತುದಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತ ಒಂದು ದಿನ ಕೇಳಿದ:

"ಊರ್ ಜನ್ರ್ ರಕ್ತ ಎಲ್ಲ ಕುಡ್ದ್, ಒಬ್ಳದ್ ಬಿಟ್ರೆ ಅವ ಒಳ್ಳೆಯವನಾ?"

"ಅದ್ ಪ್ರೀತಿ ಅಪ್ಪಯ್ಯ, ನಿಮ್ಗ್ ಅರ್ಥ ಆತಿಲ್ಲೆ" ಎಂದಳು ತಂಗಿ. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಅಪ್ಪ ಎಲೆಯಡಿಕೆ ಉಗಿಯಲು ಅಂಗಳಕ್ಕೆ ಎದ್ದು ಹೋದ.

ಆ ಸೀರಿಯಲ್ಲಿನಲ್ಲಿ ಒಬ್ಬ ಒಳ್ಳೆಯವನೂ ಇದ್ದ. ನಾಯಕಿಯನ್ನು ಚಿಕ್ಕಂದಿನಿಂದ ಪ್ರೀತಿಸಿದವನು. ಅವನಿಗೆ ಕಥೆಯಲ್ಲಿ ಇದ್ದದ್ದು ಒಂದೇ ಕೆಲಸ, ಪಿಶಾಚಿ ಅವಳನ್ನು ಆಸ್ಪತ್ರೆಗೆ ಸೇರುವ ಹಾಗೆ ಮಾಡಿದಾಗಲೆಲ್ಲ ಹಣ್ಣು ತಗೊಂಡು ಬರುವುದು. ಅವನು ಬಂದ ಕೂಡಲೇ ಅಮ್ಮ ಅನ್ನ ಬಸಿಯಲು ಎದ್ದು ಹೋಗುತ್ತಿದ್ದಳು. ನಾನು ಬ್ರಹ್ಮಾವರದ ಒಂದು ಟೈಲರ್ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಹೊಲಿಯುತ್ತಿದ್ದೇನೆ, ನನ್ನ ಕಣ್ಣು ಮೊದಲು ಹೋಗುವುದು ಬಟ್ಟೆಗೆ. ಪಿಶಾಚಿಗೆ ಕಪ್ಪು ರೇಷ್ಮೆಯ ಜುಬ್ಬಾ, ಮೈಗೆ ಅಂಟಿದ ಹಾಗೆ. ಒಳ್ಳೆಯವನಿಗೆ ಚೌಕುಳಿ ಅಂಗಿ, ಅದೂ ಹೆಗಲಲ್ಲಿ ಸಡಿಲ. ಯಾರನ್ನು ಪ್ರೀತಿಸಬೇಕು ಎಂದು ದರ್ಜಿಯೇ ಮೊದಲು ತೀರ್ಮಾನ ಮಾಡಿಟ್ಟಿರುತ್ತಾನೆ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಕಪ್ಪು ಜುಬ್ಬಾದ ಕಡೆಗೇ ಇದ್ದೆ. ಆ ದಿನಗಳಲ್ಲಿ ಅಂಗಡಿಗೆ ಬರುವ ಹುಡುಗಿಯರೆಲ್ಲ ಮೊಬೈಲ್ ಮುಂದೆ ಹಿಡಿದು, ಆ ನಾಯಕಿಯ ಹಾಗೇ ಬೆನ್ನಿಗೆ ದಾರ ಕಟ್ಟುವ ಬ್ಲೌಸ್ ಬೇಕು ಎನ್ನುತ್ತಿದ್ದರು. ಎಷ್ಟು ಹೊಲಿದೆನೋ ಲೆಕ್ಕವಿಲ್ಲ.

ತಂಗಿಗೆ ಆ ವರ್ಷ ಎರಡು ಸಂಬಂಧ ಬಂದವು. ಮೊದಲನೆಯವನು ಕೋಟದ ಕಡೆಯವನು, ಮೀನಿಗೆ ಹಾಕುವ ಐಸ್ ಮಾಡುವ ಪ್ಲಾಂಟಿನಲ್ಲಿ ಕೆಲಸ. ಬಂದವನು ಎರಡು ಲೋಟ ಚಾ ಕುಡಿದ, ನಾಲ್ಕು ಸಲ ಸೀನಿದ, ಹೋಗುವಾಗ ಅಪ್ಪನ ಉಳಿಯ ಹಿಡಿಯನ್ನು ಮುಟ್ಟಿ ನೋಡಿ, ಇದು ಯಾವ ಮರ ಎಂದು ಕೇಳಿದ. ಅವನು ಗೇಟು ದಾಟುವ ಮೊದಲೇ ನಾನು "ಹಣ್ಣು ತಪ್ಪವ ಬಂದ್ ಹೋದ" ಎಂದೆ, ಸೀರಿಯಲ್ಲಿನ ಆ ಹಣ್ಣು ತರುವವನನ್ನು ನೆನೆದು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿಗೆ ಆ ಸಂಬಂಧ ಮುಗಿಯಿತು. ಒಂದು ಮಾತಿನಲ್ಲಿ ಮುಗಿಸಿದವಳು ನಾನು.

ಎರಡನೆಯವನು ಕಿರಿಮಂಜೇಶ್ವರದವನು, ದೊಡ್ಡ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವನು. ಕಪ್ಪು ಅಂಗಿ ಹಾಕಿಕೊಂಡು ಬಂದಿದ್ದ. ಮಾತೇ ಇಲ್ಲ. ಅವನ ಅಮ್ಮ ಏನೋ ಹೇಳಲು ಹೊರಟಾಗ ಒಂದು ಸಲ ಅವಳ ಕಡೆ ನೋಡಿದ, ಅವಳು ಅರ್ಧದಲ್ಲೇ ನಿಲ್ಲಿಸಿದಳು. ಆಮೇಲೆ ಆ ಹೆಂಗಸು ಅಡುಗೆಮನೆಗೆ ಬಂದು ನಮ್ಮ ಅಮ್ಮನ ಹತ್ತಿರ "ಒಂಚೂರ್ ಸಿಟ್ಟ್ ಜಾಸ್ತಿ, ಮನ್ಸ್ ಮಾತ್ರ ಬೆಣ್ಣಿ" ಎಂದಳು. ಆ ಮಾತು ಕೇಳಿ ನಾವು ಹೆದರಬೇಕಿತ್ತು. ತಂಗಿ ನನ್ನ ಕೈ ಚಿವುಟಿದಳು. ಅವಳ ಮುಖ ಕೆಂಪಾಗಿತ್ತು. ನಾನೂ ಚಿವುಟಿದೆ.

ಮದುವೆಯ ಬ್ಲೌಸ್ ನಾನೇ ಹೊಲಿದೆ, ಬೆನ್ನಿಗೆ ದಾರ ಕಟ್ಟುವಂಥದ್ದು.

ಐದನೇ ತಿಂಗಳಿಗೆ ಮೊದಲ ಫೋನು ಬಂತು. ಕೆನ್ನೆಗೆ ಹೊಡೆದಿದ್ದ. "ಹೊಡ್ದಾದ್ ಮೇಲ್ ನನ್ ಕಾಲ್ ಹಿಡ್ಕಂಡ್ ಮರ್ಕಿದ್ರ್ ಅಕ್ಕ" ಎಂದು ಅವಳೂ ಅತ್ತಳು. ಸೀರಿಯಲ್ಲಿನಲ್ಲಿ ಇದು ಆಗಿತ್ತು. ಪಿಶಾಚಿ ನಾಯಕಿಯ ಕತ್ತು ಹಿಸುಕಿ, ಆಮೇಲೆ ಅವಳ ಪಾದದ ಹತ್ತಿರ ಕೂತು ಅತ್ತಿದ್ದ. ಆ ದಿನ ನಾವು ಮೂವರೂ ಅತ್ತಿದ್ದೆವು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಫೋನು ಇಟ್ಟ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಮೂವತ್ತೇಳು ದಾಟಿದ, ಮದುವೆ ಕೂಡಿ ಬಾರದ ಹೆಂಗಸು ನಾನು. ನನ್ನ ಕಾಲು ಹಿಡಿದು ಯಾರೂ ಅತ್ತವರಿಲ್ಲ.

ವರ್ಷ ತುಂಬುವ ಹೊತ್ತಿಗೆ ಅವಳು ಒಂದು ಚೀಲ ಹಿಡಿದುಕೊಂಡು ಮನೆಗೆ ಬಂದಳು. ತೋಳಿನಲ್ಲಿ ಬೆರಳಿನ ಗುರುತು ಐದೂ ಎಣಿಸುವ ಹಾಗಿತ್ತು. "ನಾ ಇನ್ ಅಲ್ಲಿಗ್ ಹೋತಿಲ್ಲೆ" ಎಂದಳು. ಅಮ್ಮ ಅನ್ನ ಬಡಿಸಿದಳು. ಅವಳು ಉಂಡು ಮಲಗಿದ ಮೇಲೆ ನಾವು ಮಾತಾಡಿಕೊಂಡೆವು. ಬೇರೆಯವರಾದರೆ ಪೊಲೀಸರ ಹತ್ತಿರ ಹೋಗುತ್ತಿದ್ದರೋ ಏನೋ. ನಮ್ಮಲ್ಲಿ ದನ ಹಾಲು ಬತ್ತಿಸಿದರೂ, ಬಲೆಗೆ ಮೀನು ಬೀಳದಿದ್ದರೂ, ಮೊದಲು ಮಾಡುವುದು ನಿಮಿತ್ತ ಕೇಳುವುದು. ಕವಡೆ ಹಾಕಿ ನೋಡಿ, ಯಾವುದರ ಸೋಂಕು, ಯಾರ ಮುನಿಸು ಎಂದು ಹೇಳುವವರು ಇರುತ್ತಾರೆ. "ಅವ್ರಿಗೆ ಎಂತದೋ ತಾಗಿತ್ತ್, ನಿಮಿತ್ತ ಕೇಂಬ" ಎಂದು ಮೊದಲು ಬಾಯಿ ಬಿಟ್ಟವಳು ನಾನೇ. ಅಮ್ಮನ ಮುಖಕ್ಕೆ ಜೀವ ಬಂತು. ಅಳಿಯ ಕೆಟ್ಟವನು ಎನ್ನುವುದಕ್ಕಿಂತ ಅಳಿಯನೊಳಗೆ ಕೆಟ್ಟದ್ದು ಹೊಕ್ಕಿದೆ ಎನ್ನುವುದು ಎಷ್ಟು ಹಗುರ! ಹಲಗೆಗೆ ಒಂದು ಪೆಟ್ಟು ಕೊಟ್ಟು ಸದ್ದಿನಲ್ಲೇ ಹುಳುಕು ಹಿಡಿಯುವ ಅಪ್ಪನೂ ಆ ದಿನ ಹೂಂ ಎಂದ.

ಅಮ್ಮ ಮತ್ತು ನಾನು ಬಿಜೂರಿನ ಆಚೆ ಒಬ್ಬರ ಮನೆಗೆ ಹೋದೆವು. ಅವರು ಮಣೆಯ ಮೇಲೆ ಕವಡೆ ಹಾಕಿದರು. ಅಮಾವಾಸ್ಯೆಯ ದಿನ ಬೋಟು ಹೊಳೆ ಕಡಲಿಗೆ ಸೇರುವ ಅಳಿವೆ ದಾಟುವಾಗ ನೀರಿನದ್ದೊಂದು ಹುಡುಗನ ಮೈಗೆ ಏರಿದೆ, ಸಿಟ್ಟು ಅದರದ್ದು, ಹುಡುಗನದ್ದಲ್ಲ ಎಂದರು. ನಾವು ಕೇಳಲು ಹೋದದ್ದೂ ಅದನ್ನೇ. ಮಂತ್ರಿಸಿದ ಕಪ್ಪು ದಾರ ಕೊಟ್ಟು, ಅವನ ಬಲಗೈಗೆ ಕಟ್ಟಬೇಕು ಎಂದರು. ನಲವತ್ತೆಂಟು ದಿನ ಹೆಂಡತಿ ಆ ಮನೆಯಲ್ಲೇ ಇರಬೇಕು, ಹೊತ್ತು ಕಂತುವಾಗ ಹೊಸ್ತಿಲಿಗೆ ದೀಪ ಇಡಬೇಕು, ಎದುರು ಮಾತಾಡಬಾರದು. ನಡುವೆ ಹೊಸ್ತಿಲು ದಾಟಿ ತವರಿಗೆ ಹೋದರೆ ಕಟ್ಟು ಮುರಿಯುತ್ತದೆ.

ತಂಗಿಯನ್ನು ಬಿಟ್ಟು ಬರಲು ಹೊರಟವಳೂ ನಾನೇ. ಬ್ರಹ್ಮಾವರದಿಂದ ಕುಂದಾಪುರ, ಅಲ್ಲಿ ಇಳಿದು ಬೈಂದೂರು ಕಡೆಯ ಬಸ್ಸು. ದಾರ ನನ್ನ ಪರ್ಸಿನಲ್ಲಿತ್ತು, ಬಾಳೆ ಎಲೆಯ ತುಂಡಿನಲ್ಲಿ ಸುತ್ತಿದ್ದು. ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಎಳನೀರು ಕುಡಿಸಿದೆ. ಬಸ್ಸು ಬಂದು ನಿಂತಿತು. ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ. ಅವಳು ಮೆಟ್ಟಿಲಿಗೆ ಕಾಲಿಡುವ ಮೊದಲು ನನ್ನ ಕಡೆ ತಿರುಗಿ,

"ನೀ ಬೇಡ ಅಂದ್ರೆ ನಾ ಹೋತಿಲ್ಲೆ ಅಕ್ಕ" ಎಂದಳು.

ಒಂದು "ಬೇಡ" ಸಾಕಿತ್ತು. ನಾನು ಅವಳ ತಲೆ ಸವರಿ,

"ಹೊಡುದ್ ಅವ್ರಲ್ಲ ಹೆಣೆ, ಅವ್ರ್ ಒಳ್ಗ್ ಇಪ್ಪುದ್" ಎಂದೆ.

ಆ ಮಾತು ಎಲ್ಲಿಂದ ಬಂತು ಎಂದು ಆಗ ನನಗೆ ಹೊಳೆಯಲಿಲ್ಲ. ಬಹಳ ದೊಡ್ಡ ಮಾತು ಹೇಳಿದೆ ಎನಿಸಿತ್ತು.

ಕಿರಿಮಂಜೇಶ್ವರದ ಮನೆಯಲ್ಲಿ ಅವಳ ಗಂಡ ಬಾಗಿಲಲ್ಲೇ ನಿಂತಿದ್ದ, ತಲೆ ಬಾಚಿಕೊಂಡು, ಮೆತ್ತಗೆ. ಅವನ ಅಮ್ಮ ನಿಮಿತ್ತದ ವಿಷಯ ಕೇಳಿ "ನಾ ಹೇಳ್ಲಿಲ್ಯಾ, ನನ್ನ್ ಮಗ ಅಂಥವನಲ್ಲ" ಎಂದು ನನಗೆ ಕೈ ಮುಗಿದಳು. ದಾರ ಕಟ್ಟಲು ಅವನು ಶಾಲೆಯ ಹುಡುಗನ ಹಾಗೆ ಕೈ ಚಾಚಿದ. "ಆ ಹೊತ್ತಿಗ್ ನನ್ ಒಳ್ಗ್ ಎಂತ ಹೊಕ್ಕತ್ತ್ ಅಂತ ನಂಗೇ ಗೊತ್ತಾತಿಲ್ಲೆ ಅಕ್ಕ" ಎಂದ. ನಾನು ಮೂರು ಗಂಟು ಹಾಕಿದೆ. ಗಂಟು ಹಾಕುವುದರಲ್ಲಿ ನನ್ನ ಕೈ ಗಟ್ಟಿ, ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಹಾಗೆಂದುಕೊಂಡೇ ಮನೆಗೆ ಬಂದೆ.

ಮೂವತ್ತೊಂದನೆಯ ದಿನ ಮೀನುಸಾರಿಗೆ ಹುಳಿ ಹೆಚ್ಚಾಯಿತಂತೆ.

ಅಕ್ಕಪಕ್ಕದವರು ಅವಳನ್ನು ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ತಂದರು. ನಾವು ಹೋದಾಗ ಎಡಗಿವಿಗೆ ಹತ್ತಿ ಇಟ್ಟಿದ್ದರು, ಹತ್ತಿ ಕೆಂಪಾಗಿತ್ತು. ಕಿವಿಯ ತಮಟೆ ಮಾತ್ರ ಅಲ್ಲ, ಒಳಗೂ ಪೆಟ್ಟಾಗಿದೆ, ಆ ಕಿವಿ ಇನ್ನು ಕೇಳಿಸುವುದು ಕಷ್ಟ ಎಂದರು ಡಾಕ್ಟರು. ಬೆಂಚಿನ ಮೇಲೆ ಕೂತು ತಂಗಿ ಅಳದೆ ಹೇಳಿದಳು.

"ಅವ್ರೇ ದಾರ ತೆಗ್ದ್ರ್ ಅಕ್ಕ. ಗಂಟ್ ಬಿಚ್ಚುಕ್ ಬರ್ಲಿಲ್ಲೆ. ಸೋಪ್ ಹಚ್ಕಂಡ್ ಬಳಿ ತೆಗ್ದ್ ಹಾಂಗ್ ಮೆಲ್ಲ ಜಾರ್ಸ್ ತೆಗ್ದ್ರ್. ಕ್ಯಾಲೆಂಡರ್ ಮೊಳಿಗ್ ತೂಗ್ಸಿ ಇಟ್ರ್. ಮತ್ತೆ ಬಂದ್ ಹೊಡ್ದ್ರ್."

"ಅದ್ಕೇ ಕಾಣ್, ದಾರ ತೆಗ್ದದ್ದಕ್ಕೇ ಅದ್ ಮತ್ತೆ ಒಳ್ಗ್ ಬಂತ್" ಎಂದಳು ಅಮ್ಮ.

ಅಮ್ಮನ ಬಾಯಿ ಮುಚ್ಚಬೇಕು ಎನಿಸಿತು. ದಾರ ಕೈಯಲ್ಲಿರುವಾಗ ಒಳಗೆ ಯಾವುದೂ ಇರಲಿಲ್ಲ ಎಂದಾದರೆ, ಸೋಪು ಹುಡುಕಿ ತಂದವರು ಯಾರು? ತುಂಡಾಗದ ಹಾಗೆ ಜಾರಿಸಿ, ಮೊಳೆಗೆ ತೂಗಿಸಿ, ನಾಳೆಗೆ ಬೇಕಾಗುತ್ತದೆ ಎಂದು ಜೋಪಾನ ಮಾಡಿದ ಆ ಕೈ ಯಾರದ್ದು? ಅಳಿವೆಯದ್ದೂ ಅಲ್ಲ, ಅಮಾವಾಸ್ಯೆಯದ್ದೂ ಅಲ್ಲ. ಅವನದ್ದೇ ಕೈ, ಅವನದ್ದೇ ಬುದ್ಧಿ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನಮಗೆ. ಅವನು ಹುಡುಕುವ ಮೊದಲೇ ನೆಪವನ್ನು ನಾವೇ ಎಲೆಯಲ್ಲಿ ಸುತ್ತಿ, ಎರಡು ಬಸ್ಸು ಹತ್ತಿ, ಅವನ ಮನೆ ಬಾಗಿಲಿಗೆ ಮುಟ್ಟಿಸಿದ್ದೆವು.

ಇದಾಗಿ ಮೂರು ವರ್ಷ ಕಳೆದಿದೆ. ತಂಗಿ ನಮ್ಮ ಜೊತೆಗೇ ಇದ್ದಾಳೆ, ನಾನು ಹೊಲಿಯುವ ಅಂಗಡಿಯಲ್ಲೇ ಗುಂಡಿ ಕಟ್ಟುವ, ಹೆಮ್ಮಿಂಗ್ ಮಾಡುವ ಕೆಲಸ. ಅವನು ಇನ್ನೊಂದು ಮದುವೆಗೆ ಹೆಣ್ಣು ನೋಡುತ್ತಿದ್ದಾನೆ ಎಂದು ಸುದ್ದಿ. ಆ ಊರಲ್ಲಿ ಈಗ ಹೇಳುವುದು ಬೇರೆ ಥರ. ಸೋಂಕು ಇದ್ದದ್ದು ಹೆಣ್ಣಿನ ಮೇಲಂತೆ, ಕಟ್ಟು ಮುಗಿಯುವ ಮೊದಲೇ ಅವಳು ಹೊಸ್ತಿಲು ದಾಟಿದಳಂತೆ, ಅವಳು ಹೋದ ಮೇಲೆ ಹುಡುಗ ಹಸುವಿನ ಹಾಗಾಗಿದ್ದಾನಂತೆ. ಮೀನು ತರಲು ಹೋದ ಅಮ್ಮನಿಗೆ ಯಾರೋ ಮುಖದ ಮೇಲೆಯೇ ಹೇಳಿದರು. ಅಮ್ಮ ಬುಟ್ಟಿ ಖಾಲಿಯೇ ಹಿಡಿದುಕೊಂಡು ಬಂದಳು. ಐಸ್ ಪ್ಲಾಂಟಿನವನು ಈಚೆಗೆ ಒಮ್ಮೆ ಅಂಗಡಿಗೆ ಬಂದಿದ್ದ, ಮಗಳ ನರ್ಸರಿ ಯೂನಿಫಾರ್ಮ್ ಹೊಲಿಸಲು. ಮಗುವನ್ನು ಎತ್ತಿ ಸ್ಟೂಲಿನ ಮೇಲೆ ನಿಲ್ಲಿಸಿ, ಅಳತೆ ತೆಗೆಯುವಷ್ಟು ಹೊತ್ತೂ ಅದು ಬೀಳದ ಹಾಗೆ ಬೆನ್ನ ಹಿಂದೆ ಕೈ ಇಟ್ಟುಕೊಂಡಿದ್ದ. ನಾನು ಟೇಪಿನಲ್ಲಿದ್ದ ಅಂಕಿ ಎರಡು ಸಲ ತಪ್ಪಾಗಿ ಬರೆದೆ.

ಇಷ್ಟಾದರೂ ನಾವು ಸೀರಿಯಲ್ ಬಿಟ್ಟೆವು ಎಂದು ಯಾರಾದರೂ ತಿಳಿದರೆ ಅದು ಸುಳ್ಳು. ಅದೇ ಪಿಶಾಚಿ ಈಗ ಭಾನುವಾರ ಮಧ್ಯಾಹ್ನ ಮರುಪ್ರಸಾರದಲ್ಲಿ ಬರುತ್ತಾನೆ. ಅವನ ಕಣ್ಣು ಕಂಡರೆ ಈಗಲೂ ನಾನು ಚಾಪೆಯಲ್ಲಿ ಒಂದು ಗೇಣು ಮುಂದೆ ಸರಿಯುತ್ತೇನೆ. ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ, ಆದರೂ ಚಾನೆಲ್ ಬದಲಿಸುವುದಿಲ್ಲ. ತಂಗಿ ಬಲಗಿವಿ ಟಿವಿ ಕಡೆಗೆ ಬರುವ ಹಾಗೆ ಗೋಡೆಗೆ ಒರಗಿ ಓರೆಯಾಗಿ ಕೂರುತ್ತಾಳೆ. ಕೇಳಿಸದಿದ್ದರೆ ನನ್ನ ಮೊಣಕೈ ತಟ್ಟುತ್ತಾಳೆ, ನಾನು ಆ ಕಿವಿಯ ಹತ್ತಿರ ಬಾಗಿ ಹೇಳಬೇಕು.

ಕಳೆದ ಭಾನುವಾರ ಬಂದದ್ದು ಕತ್ತು ಹಿಸುಕಿದ ಆ ಕಂತು. ಪಿಶಾಚಿ ಅವಳ ಪಾದದ ಹತ್ತಿರ ಕೂತು ಅಳುತ್ತ ತಗ್ಗಿದ ದನಿಯಲ್ಲಿ ಹೇಳಿದ, "ನಿನ್ನನ್ನು ನೋಯಿಸಿದ್ದು ನಾನಲ್ಲ, ನನ್ನೊಳಗೆ ಇರುವುದು."

ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟೆ. ತಂಗಿ ಮೊಣಕೈ ತಟ್ಟಿದಳು.

"ಎಂತ ಹೇಳ್ದ ಅಕ್ಕ?"

"ಎಂತದೂ ಇಲ್ಲೆ, ಸುಮ್ನೆ ಮರ್ಕ್ತಾ ಇದ್ದ" ಎಂದೆ.

ಅವಳು ಟಿವಿಯಿಂದ ಕಣ್ಣು ತೆಗೆಯದೆಯೇ ನಕ್ಕಳು.

"ಸುಳ್ ಹೇಳ್ಬೇಡ. ಅದ್ ನಂಗ್ ಬಾಯಿಪಾಠ. ಅವತ್ತ್ ಬಸ್‌ಸ್ಟ್ಯಾಂಡಲ್ಲಿ ನೀನೇ ಹೇಳಿದ್ದಲ್ದಾ? ಆಗ ನಂಗೆ ಎರ್ಡೂ ಕೆಮಿ ಕೇಂತಿತ್ತ್."