ಸೋದರಮಾವನ ತೊಡೆ

ಎಂಬತ್ತರ ದಶಕದ ಆರಂಭ. ಆಗ ನಾವು ಚಾಮರಾಜಪೇಟೆಯ ವಠಾರದಲ್ಲಿದ್ದೆವು. ನನ್ನ ಮೊಮ್ಮಗಳಿಗೆ ವರ್ಷ ತುಂಬಿದರೂ ಕಿವಿ ಬೋಳಾಗಿಯೇ ಇತ್ತು. ನೋಡಿದವರೆಲ್ಲ ಕೇಳುತ್ತಿದ್ದರು. ಕಾರಣ ನನ್ನ ಮಗ, ಆ ಮಗುವಿನ ಸೋದರಮಾವ.

ಅವನಿಗೆ ಕಲಾಸಿಪಾಳ್ಯದಲ್ಲಿ ತರಕಾರಿ ವ್ಯಾಪಾರ. ಬೆಳಗಾದರೆ ಸಾರಾಯಿ ಬೇಕು. ಬಿಡಿಸಲು ನಾವು ಮಾಡದ್ದು ಏನೂ ಉಳಿದಿರಲಿಲ್ಲ. ಉರಿಯುವ ಕರ್ಪೂರವನ್ನು ಅವನ ಅಂಗೈಯಿಂದಲೇ ಆರಿಸಿ ಆಣೆ ಮಾಡಿಸಿದೆವು. ಅಂಗೈ ಚುರುಗುಟ್ಟುವುದು ನಿಲ್ಲುವಷ್ಟರಲ್ಲಿ ಆಣೆ ಮರೆತ. ಯಾರೋ ಕೊಟ್ಟ ಪುಡಿಯನ್ನು ಕಾಫಿಗೆ ಬೆರೆಸಿ ಕೊಟ್ಟೆ. ರುಚಿ ಕೆಟ್ಟಿದ್ದು ತಿಳಿದು ಮಗರಾಯ ಕಾಫಿ ಬಿಟ್ಟ, ಸಾರಾಯಿ ಬಿಡಲಿಲ್ಲ.

ಕಿವಿ ಚುಚ್ಚುವಾಗ ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಬೀಗಿತ್ತಿ ಒಂದು ದಿನ, "ಚಿಕ್ಕಪ್ಪ ಕೂತ್ರೂ ಆಗತ್ತೆ ಬಿಡಿ" ಎಂದರು. ನನ್ನ ಮಗ ಬಾಗಿಲಲ್ಲೇ ನಿಂತಿದ್ದ.

"ಬೇಡ ಅತ್ತೆ" ಎಂದಳು ನನ್ನ ಮಗಳು. "ನಮ್ಮಣ್ಣನ ಕೈ ನಡುಗೋದು ನಿಲ್ಲಲಿ, ಆಮೇಲೆ ಚುಚ್ಚಿಸ್ತೀನಿ."

"ನಿಲ್ಲದೇ ಇದ್ರೆ?" ಎಂದ ಇವನು.

"ನಿನ್ನ ಸೊಸೆ ಬೋಳುಕಿವೀಲೇ ಹಸೆಮಣೆ ಏರ್ತಾಳೆ. ನಂಗೇನು."

ಅವತ್ತು ಯಾರೂ ಬೈಯಲಿಲ್ಲ, ಆಣೆ ಇಡಿಸಲಿಲ್ಲ. ಮಾರನೆಯ ದಿನ ಅವನೇ, "ಅಮ್ಮ, ಆಸ್ಪತ್ರೆಗೆ ಹೋಗ್ಬರೋಣ ಬಾ" ಎಂದ.

ಡಾಕ್ಟರು ನನ್ನ ಮುಖ ನೋಡಿ, "ಮಗನ್ನ ಕರ್ಕೊಂಡು ಬಂದ್ರಾ ತಾಯಿ?" ಎಂದರು.

"ಇಲ್ಲ ಸಾರ್, ನಾನೇ ಇವರನ್ನ ಕರ್ಕೊಂಡು ಬಂದೆ" ಎಂದ ಮಗ. ಡಾಕ್ಟರು ನಕ್ಕರು, ಸೇರಿಸಿಕೊಂಡರು.

ಮನೆಗೆ ಬಂದ ಮೇಲೂ ಸುಲಭವಿರಲಿಲ್ಲ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಬಾಡೂಟಕ್ಕೆ ಹೋದವನು ಗೆಳೆಯರ ಜೊತೆ ಕುಡಿದು ಬಂದ. ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಬೆಳಿಗ್ಗೆ ಎದ್ದವನು ಹಬ್ಬಕ್ಕೆ ಬಂದು ಮಲಗಿದ್ದ ಮಗುವಿನ ಕಿವಿ ಮುಟ್ಟಿ ನೋಡಿದ, ತಾನೇ ಮತ್ತೆ ಆಸ್ಪತ್ರೆಗೆ ಹೊರಟ. ಅಷ್ಟು ದಿನ ಅವನು ಬಿಡಲಿ ಎಂಬ ಆಸೆ ನಮ್ಮದಾಗಿತ್ತು. ಈಗ ಅದು ಅವನದೇ ಆಗಿತ್ತು.

ಮುಂದಿನ ವರ್ಷ ಕಿವಿ ಚುಚ್ಚಿಸಿದೆವು. ಮಾವನ ತೊಡೆಯ ಮೇಲೆ ಕೂತ ಮಗು ವಠಾರವೇ ಕಿತ್ತುಹೋಗುವಂತೆ ಅತ್ತಿತು. "ತಲೆ ಅಲ್ಲಾಡಬಾರ್ದು, ಗಟ್ಟಿಯಾಗಿ ಹಿಡ್ಕೊಳಪ್ಪ" ಎಂದರು ಅಕ್ಕಸಾಲಿಗರು. ಹಿಡಿದುಕೊಂಡ. ನಾನು ಮಗುವನ್ನು ನೋಡಲೇ ಇಲ್ಲ, ಅವನ ಕೈಯನ್ನೇ ನೋಡುತ್ತಿದ್ದೆ. ಒಂದು ಬೆರಳೂ ಅಲುಗಲಿಲ್ಲ.

ಹೆತ್ತವಳು ನಾನಾದರೂ, ಅವನಿಗಾಗಿ ಕಾದ ನನ್ನ ಮಗಳಿಗೆ ನಾನು ಋಣಿ. ಈಗಲೂ ಮೊಮ್ಮಗಳು ಬಂದರೆ ಮುಖಕ್ಕಿಂತ ಮೊದಲು ಅವಳ ಕಿವಿ ನೋಡುತ್ತೇನೆ.

"ಹೊಸಾ ಓಲೆ ಅಲ್ಲಜ್ಜಿ, ಹಳೇದೇ" ಅನ್ನುತ್ತಾಳೆ.

ಓಲೆ ಯಾರಿಗೆ ಬೇಕು? ಎರಡು ತೂತೂ ಒಂದೇ ಸಮಕ್ಕಿವೆ.