ಯಾಕವಾ ಹುಯಿಲು?

ಗದಗಿನ ಇಂದುಧರನಿಗೆ ಸೊರೆಂಟೊ ವ್ಯಾಲಿಯ ಕಂಪನಿ ಡಾಲರಿನಲ್ಲಿ ಸಂಬಳ ಕೊಡುತ್ತಿದ್ದದ್ದು ಅವನಿಗೆ ಬಾರದ ಒಂದು ಭಾಷೆಗಾಗಿ. 2007ರಲ್ಲಿ ಫೋನಿನಲ್ಲಿ ಟೀವಿ ತೋರಿಸುವ ಹುಚ್ಚು ಎಲ್ಲರಿಗೂ ಹಿಡಿದಿತ್ತು. ಫೋನಿನೊಳಗೆ ಮಾತಾಡುವವರ ತುಟಿಗೂ ದನಿಗೂ ಹೊಂದಿಕೆಯಿದೆಯೇ ಎಂದು ದಿನವಿಡೀ ನೋಡುತ್ತ ಕೂರುವುದು ಅವನ ಕೆಲಸ. ಇಂಜಿನಿಯರಿಂಗ್ ಓದಿ, ವೀಸಾಕ್ಕೆ ಸಾಲಿನಲ್ಲಿ ನಿಂತು, ಇಷ್ಟು ದೂರ ಬಂದದ್ದು ಹುಡುಗಿಯೊಬ್ಬಳ ತುಟಿ ನೋಡಲು ಎಂದು ಊರಿಗೆ ಹೇಳುವುದು ಹೇಗೆ? ‘ವಿಡಿಯೋ ಕ್ವಾಲಿಟಿ’ ಎಂದು ಹೇಳಿಟ್ಟಿದ್ದ.

ಆ ಹುಡುಗಿ ವೇಲ್ಸ್ ನಾಡಿನಲ್ಲಿ ಮಕ್ಕಳಿಗಾಗಿ ಟೀವಿ ಸುದ್ದಿ ಓದುವವಳು. ಓದುವುದು ಅಲ್ಲಿಯ ವೆಲ್ಷ್ ಭಾಷೆಯಲ್ಲಿ. ಬ್ರಿಟನ್ನಿನ ಗಿರಾಕಿ ಕಂಪನಿ ವಾರವಾರವೂ ಹೊಸ ಸುದ್ದಿಗಳನ್ನು ಕಳಿಸುತ್ತಿತ್ತು. ಮ್ಯಾನೇಜರ್ ಅರವಿಂದ ಮೊದಲ ದಿನವೇ ಹೇಳಿದ್ದ: “ನೋಡಪ್ಪಾ, ಅರ್ಥ ಆದ್ರೆ ಮನಸ್ಸು ಸುದ್ದಿ ಕಡೆ ಹೋಗುತ್ತೆ, ತುಟಿ ಕಡೆ ಇರಲ್ಲ. ಅರ್ಥ ಆಗೋಕೆ ಶುರುವಾದ ದಿನ ಹೇಳ್ಬಿಡು, ಬೇರೆ ಕ್ಲಿಪ್ ಕೊಡ್ತೀನಿ.”

ಅಂದಿನಿಂದ ಇಂದುಧರ ತನ್ನ ಅಜ್ಞಾನವನ್ನು ಹಸುಗೂಸಿನಂತೆ ಜೋಪಾನ ಮಾಡಿದ. ಅವಳು ಮೂಗು ಸುಕ್ಕಿಸಿ ಹೇಳುತ್ತಿದ್ದದ್ದು ಕುರಿಮರಿಯ ಸುದ್ದಿಯೋ, ಶಾಲೆಯ ರಜೆಯ ಸುದ್ದಿಯೋ, ಅವನಿಗೆ ತಿಳಿಯದು. ನೆಟ್ಟಿನಲ್ಲಿ ಒಂದೇ ಒಂದು ಪದವನ್ನೂ ಹುಡುಕಲಿಲ್ಲ. ಯಾಕೆಂದರೆ ದಿನದಲ್ಲಿ ಅವನ ಮುಖ ನೋಡಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಶನಿವಾರ ಡೆಲ್ ಮಾರ್ ಕಡಲ ದಂಡೆಯಲ್ಲಿ ಒಬ್ಬನೇ ಅಡ್ಡಾಡಿ, ಎದುರಾದವರ ನಾಯಿಗಳಿಗೆ ನಕ್ಕು ಮನೆಗೆ ಬರುತ್ತಿದ್ದ. ಸೋಮವಾರ ಬಾಯಿ ತೆರೆದರೆ ಗಂಟಲು ಕರಕರ ಎನ್ನುತ್ತಿತ್ತು.

ಪ್ರತಿ ಸುದ್ದಿಯ ಕೊನೆಗೆ ಅವಳು ಕೈಯಾಡಿಸಿ ಒಂದು ಮಾತು ಹೇಳುತ್ತಿದ್ದಳು. ಅವನ ಕಿವಿಗೆ ಅದು ಅಚ್ಚ ಕನ್ನಡ: “ಹುಯಿಲ್!” ಇಷ್ಟು ನಗುನಗುತ್ತ ಯಾರಾದರೂ ಹುಯಿಲೆಬ್ಬಿಸುತ್ತಾರೆಯೇ? “ಯಾಕವಾ ಹುಯಿಲು? ಏನಾತು?” ಎಂದು ಮೆಲ್ಲಗೆ ಕೇಳುತ್ತಿದ್ದ. ಮೊದಮೊದಲು ತಮಾಷೆಗೆ. ಆಮೇಲಾಮೇಲೆ ಕೇಳದಿದ್ದರೆ ಊಟ ಸೇರುತ್ತಿರಲಿಲ್ಲ.

ಹೀಗೆ ತಿಂಗಳುಗಳು ಕಳೆದ ಮೇಲೆ ಲಾಂಗ್ ಬೀಚಿನ ಹೋಟೆಲೊಂದರಲ್ಲಿ ಗಿರಾಕಿಗೆ ಫೋನ್ ತೋರಿಸುವ ದಿನ ಬಂತು. ಬಂದವನು ಎಮ್ರಿಸ್, ವೇಲ್ಸಿನವನೇ. ಎಲ್ಲ ಸುಸೂತ್ರವಾಗಿ ಮುಗಿಯಿತು. ಹೊರಡುವಾಗ ಎಮ್ರಿಸ್ ಇಂದುಧರನತ್ತ ತಿರುಗಿ, ಥೇಟ್ ಅವಳ ಹಾಗೆಯೇ ಕೈಯಾಡಿಸಿದ. “ಹುಯಿಲ್!”

“ಯಾಕ್ರೀ ಹುಯಿಲು?” ಇಂದುಧರನ ಬಾಯಿಂದ ಜಾರಿಯೇಬಿಟ್ಟಿತು.

ಎಮ್ರಿಸ್ ಕಣ್ಣರಳಿಸಿದ. ಮಾತು ಕೇಳಿಸದಷ್ಟು ಆಚೆ ಫೋನುಗಳನ್ನು ಚೀಲಕ್ಕೆ ತುಂಬುತ್ತಿದ್ದ ಅರವಿಂದನ ಬಳಿ ಓಡಿ, ಭುಜ ಹಿಡಿದು ಇಂಗ್ಲಿಷಿನಲ್ಲಿ ಕೂಗಿದ: “ನಿಮ್ಮವನಿಗೆ ನಮ್ಮ ಭಾಷೆ ಬರುತ್ತದಲ್ಲ! ಅದೂ ನಮ್ಮ ಉತ್ತರ ವೇಲ್ಸಿನವರ ಧಾಟಿ!”

ವಾಪಸು ಬರುವಾಗ ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು. ಸ್ಟೀರಿಂಗ್ ಹಿಡಿದ ಅರವಿಂದ ನಗುತ್ತಲೇ ಕೇಳಿದ: “ಯಾವಾಗ ಕಲ್ತೆ ಮಾರಾಯ? ಹೇಳ್ಲೇ ಇಲ್ಲ.”

“ಉತ್ತರದಂವ ಖರೇರೀ, ಆದ್ರ ನಮ್ಮ ಗದಗಿನ ಕಡೆ ಉತ್ತರ.”

“ತಮಾಷೆ ಬಿಡು. ಬರದೇ ಇದ್ರೆ ಅವನಿಗೆ ಟಕ್ಕಂತ ಉತ್ತರ ಹೆಂಗೆ ಕೊಟ್ಟೆ?”

ನಿಜ ಹೇಳಿದರೆ ಅವಳು ಉಳಿಯುತ್ತಿದ್ದಳು. ಆದರೆ ನಿಜವೆಂದರೆ, ಇಷ್ಟು ದಿನ ಫೋನಿನೊಳಗಿನ ಹುಡುಗಿಯೊಂದಿಗೆ ತಾನು ಮಾತಾಡುತ್ತಿದ್ದೆ ಎನ್ನುವುದು. ಅದನ್ನು ಹೇಳಬೇಕಾದದ್ದು ಮ್ಯಾನೇಜರಿಗೆ. ಇಂದುಧರ ಕಿಟಕಿಯಾಚೆ ನೋಡಿದ. ಒಂಟಿ ಎನಿಸಿಕೊಳ್ಳುವುದಕ್ಕಿಂತ ಪಂಡಿತ ಎನಿಸಿಕೊಳ್ಳುವುದು ಅಗ್ಗವಾಗಿ ಕಂಡಿತು.

“ಸ್ವಲ್ಪ ಸ್ವಲ್ಪ ಬರ್ತದ್ರೀ.”

“ಸರಿ, ಹಾಗಾದ್ರೆ ಸೋಮವಾರದಿಂದ ಬೇರೆ ಕ್ಲಿಪ್. ಅಂದ್ಹಾಗೆ, ಹುಯಿಲ್ ಅಂದ್ರೇನು?”

ಪಂಡಿತರು ಕಂಗಾಲಾದರು. ಕೈಯಾಡಿಸಿದ್ದೊಂದೇ ನೆನಪಿಗೆ ಬಂತು.

“‘ಬರ್ತೇನಿ’ ಅಂತ್ರೀ,” ಎಂದ. ಅಂದ ಮೇಲೆಯೇ ಅವನಿಗೂ ಹೊಳೆದದ್ದು. ದಿನಾ ಅವಳು ಹೇಳಿ ಹೋಗುತ್ತಿದ್ದಳು. ಒಂದು ಸಲವೂ ತಾನು ‘ಹೋಗಿ ಬಾರವಾ’ ಅಂದಿರಲಿಲ್ಲ.

ಸೋಮವಾರ ಫೋನಿನೊಳಗೆ ಬಂದದ್ದು ಫಿನ್ಲೆಂಡಿನ ಒಬ್ಬ ಗಡ್ಡದವನು. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯುವುದನ್ನು ವಿವರಿಸುತ್ತಾನೆ. ತುಟಿಗೂ ದನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕೊನೆಗೆ ಬಕೆಟ್ಟು ಎತ್ತಿಕೊಂಡು, ಏನೂ ಹೇಳದೆ ನಡೆದುಬಿಡುತ್ತಾನೆ.