ಗಂಟಲು ಸರಿಯಿಲ್ಲ ಎಂದ ಧಾರಿಣಿ

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆಗಳು ಹತ್ತೋ ಹನ್ನೊಂದೋ ಇವೆ. ಮಂತ್ರಾಲಯಗಳಲ್ಲಿ ಫೈಲು ತಿರುವಿ ನಿವೃತ್ತರಾದ ಗಂಡಸರು ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು ದೇಶ ನಡೆಸುತ್ತಾರೆ. ನಾವು ಹೆಂಗಸರು ಶುಕ್ರವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಅರಿಶಿನ ಕುಂಕುಮ ತೆಗೆದುಕೊಂಡು, ಹಾಡು ಹೇಳುತ್ತೇವೆ.

ಈ ಹಾಡು ಹೇಳುವುದಕ್ಕೂ ಒಂದು ಪದ್ಧತಿ ಇದೆ. ಹೇಳು ಎಂದ ಕೂಡಲೇ ಹೇಳಿಬಿಡುವವಳನ್ನು ನಾವು ಬಾಯಿಬಡುಕಿ ಎನ್ನುತ್ತೇವೆ. ಮೊದಲು "ಅಯ್ಯೋ, ಗಂಟಲು ಸರಿಯಿಲ್ಲ ಕಣ್ರೀ" ಎನ್ನಬೇಕು. ಉಳಿದವರು ಬಿಡಬಾರದು. ಅವಳು ಪಕ್ಕದವಳ ಕಡೆ ಕೈ ತೋರಿಸಬೇಕು, ಪಕ್ಕದವಳು ಅದಕ್ಕೂ ಮುಂದಿನವಳ ಕಡೆ. ಇಷ್ಟೆಲ್ಲ ಶಾಸ್ತ್ರ ಮುಗಿದ ಮೇಲೆ ಒಬ್ಬಳು ಕೆಮ್ಮಿ ಶುರು ಮಾಡುತ್ತಾಳೆ. ಮಿಕ್ಕವರು ತಮತಮಗೆ ಎಟುಕಿದ ಶ್ರುತಿಯಲ್ಲಿ ಸೇರಿಕೊಳ್ಳುತ್ತಾರೆ. ಎರಡನೆಯ ನುಡಿ ಮರೆತುಹೋಗುತ್ತದೆ, ಯಾರೋ ಎತ್ತಿಕೊಡುತ್ತಾರೆ. ಕರೆದ ಮನೆಯಾಕೆ ಮಾತ್ರ ಎಲ್ಲರದೂ ಆದ ಮೇಲೆ ಕೊನೆಯಲ್ಲಿ ಹೇಳಬೇಕು.

ಆ ಕೊನೆಯ ಹಾಡನ್ನು ಒಮ್ಮೆಯೂ ಹೇಳದೆ ತಪ್ಪಿಸಿಕೊಂಡವಳು ನಾಲ್ಕನೇ ಮಹಡಿಯ ಧಾರಿಣಿ. ಅವಳ ಸರದಿ ಬಂತೋ, "ಕಾಫಿ ಇಳಿಸಿ ಬರ್ತೀನಿ ಲೀಲಮ್ಮ" ಎಂದು ಅಡುಗೆಮನೆಗೆ ಓಡುತ್ತಿದ್ದಳು. ಲೀಲಮ್ಮ ಎಂದರೆ ನಾನೇ. ಗುಂಪಿಗೆಲ್ಲ ಹಿರಿಯಳು, ಆದ್ದರಿಂದ ಯಾರನ್ನು ಬೇಕಾದರೂ ಬೈಯುವ ಹಕ್ಕು ನನಗಿದೆ. ಆದರೆ ಒಳ್ಳೆಯ ಫಿಲ್ಟರ್ ಕಾಫಿ ಕೈಗೆ ಬಂದ ಮೇಲೆ ಯಾರನ್ನು ಏನೆಂದು ಬೈಯುವುದು?

ಧಾರಿಣಿ ಹತ್ತಿರದ ಶಾಲೆಯಲ್ಲಿ ಸಂಗೀತದ ಟೀಚರು. ಪ್ರಾರ್ಥನೆ, ಸ್ವಾತಂತ್ರ್ಯ ದಿನದ ಹಾಡು, ಅತಿಥಿ ಬಂದರೆ ಸ್ವಾಗತ ಗೀತೆ. ಅವಳ ಮಕ್ಕಳಿಂದ ಸ್ವಾಗತ ಮಾಡಿಸಿಕೊಂಡ ಮಂತ್ರಿಗಳಲ್ಲಿ ಅರ್ಧ ಜನ ಈಗ ಮಾಜಿಗಳು. ಸ್ವಾಗತ ಗೀತೆ ಮಾತ್ರ ಅದೇ. ಗಂಡ ಪೃಥ್ವಿ ಫರೀದಾಬಾದಿನ ಕಾರ್ಖಾನೆಯಲ್ಲಿ ಇಂಜಿನಿಯರ್, ಮಗಳು ಅದಿತಿ ಕಾಲೇಜಿನಲ್ಲಿ. ಸಂಸಾರ ನೆಟ್ಟಗೆ ನಡೆಯುತ್ತಿರುವಾಗ, ನಲವತ್ತೈದು ದಾಟಿದ ಈ ಹೆಂಗಸು ಶಾಲೆಗೆ ರಜೆ ಹಾಕಿ ನೋಯ್ಡಾದ ಯೂನಿವರ್ಸಿಟಿಯೊಂದರಲ್ಲಿ ಎಂ.ಎ.ಗೆ ಸೇರಿದಳು.

"ಹಾಡೋದು ನಿಂಗೆ ಬರುತ್ತಲ್ಲೇ, ಇನ್ನೇನು ಕಲಿಯೋದಿದೆ?" ಎಂದೆ.

"ಹಾಡೋದಕ್ಕಲ್ಲ ಲೀಲಮ್ಮ. ಹಾಡು ಕಟ್ಟೋದಕ್ಕೆ. ಹೊಸದಾಗಿ."

ಪಕ್ಕದಲ್ಲಿದ್ದ ಅದಿತಿ, "ಅಜ್ಜಿ, ಮಮ್ಮಿ ಅಬ್ ಕಂಪೋಸರ್ ಆಗ್ತಾಳೆ, ಗೊತ್ತಾ?" ಎಂದು ಕುಣಿದಳು.

ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಮೆಟ್ರೋ ಹತ್ತುತ್ತಿದ್ದಳು. ದ್ವಾರಕಾದಿಂದ ನೋಯ್ಡಾ ಎಂದರೆ ಊರಿನ ಈ ತುದಿಯಿಂದ ಆ ತುದಿ. ಯಮುನೆ ದಾಟುವವರೆಗೂ ಡಬ್ಬಿಯ ಮುಚ್ಚಳದ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೂತಿರುತ್ತಾಳೆ, ಒಮ್ಮೆ ಇಳಿಯಲೂ ಮರೆತಳು ಎಂದು ಅದೇ ಮೆಟ್ರೋದಲ್ಲಿ ಕೆಲಸಕ್ಕೆ ಹೋಗುವ ನನ್ನ ಮಗ ಹೇಳಿದ್ದ. ಮೊದಲ ವರ್ಷ ಖುಷಿಯಾಗಿಯೇ ಇದ್ದಳು. ಎರಡನೆಯ ವರ್ಷದ ಚಳಿಗಾಲದಲ್ಲಿ, ಕೆಳಗಿನ ಬಿಸಿಲಲ್ಲಿ ಕೂತು ನಾನು ಬಟಾಣಿ ಬಿಡಿಸುತ್ತಿದ್ದಾಗ, ಪಕ್ಕಕ್ಕೆ ಬಂದು ಕೂತಳು. ಅವಳು ಕಟ್ಟಿದ ಸಂಗೀತ ಕೇಳಿ ಮೇಷ್ಟ್ರು ಸೇನ್ ಸಾಹೇಬರು, "ಎಲ್ಲ ಸರಿಯಾಗಿದೆ ಧಾರಿಣಿಜೀ, ಆದರೆ ಇದರಲ್ಲಿ ನೀವೆಲ್ಲಿ?" ಎಂದು ಕೇಳಿದರಂತೆ.

"ಇಷ್ಟು ವರ್ಷ ಬೇರೆಯವರ ಬಾಯಲ್ಲಿ ಹಾಡಿಸಿದೆ ಲೀಲಮ್ಮ. ನಂದು ಅಂತ ಒಳಗೆ ಏನೂ ಇಲ್ಲವೇನೋ ಅನ್ನಿಸಿಬಿಡ್ತು. ಕೊನೇ ಪರೀಕ್ಷೇಲೂ ಅವರು ಇದೇ ಮಾತು ಕೇಳಿದ್ರೆ, ವಾಪಸ್ ಸ್ಕೂಲಿಗೆ ಹೋಗಿ ಸ್ವಾಗತ ಗೀತೆ ಹೇಳ್ಕೊಡ್ತೀನಿ. ಮತ್ತೆ ಒಂದು ಸ್ವರ ಬರೆಯಲ್ಲ."

ನನಗೂ ಸಂಕಟವಾಯಿತು. ಒಂದು ಹಿಡಿ ಬಟಾಣಿ ಅವಳ ಮಡಿಲಿಗೆ ಹಾಕಿದೆ.

ಅದೇ ಶುಕ್ರವಾರ ನಮ್ಮ ಮನೆಯಲ್ಲಿ ಹಾಡು. ಎದುರು ಬ್ಲಾಕಿನ ಸರಳಾ ಗಂಟಲು ಸರಿಯಿಲ್ಲ ಎಂದಳು, ನಾನು ಬೈದೆ, ಅವಳು ನನ್ನ ಕಡೆಯೇ ಕೈ ತೋರಿಸಿದಳು. ಮೂಲೆಯಲ್ಲಿದ್ದ ಧಾರಿಣಿ ಇದ್ದಕ್ಕಿದ್ದಂತೆ ನಗತೊಡಗಿದಳು. "ಇದೇ ಬೇಕು ನಂಗೆ. ನೀವೆಲ್ಲ ನನ್ನ ಪರೀಕ್ಷೆಗೆ ಬಂದು ಹೀಗೇ ಮಾಡಿ!"

ವಾರ ಕಳೆಯುವುದರೊಳಗೆ ಹಾಡು ಕಟ್ಟಿದ್ದಳು. ಮಾತೂ ಅವಳದೇ.

ಯಮುನೆ ದಾಟಿ ಬಾರೆ ಗೌರಿ,
ಲಿಫ್ಟು ಕೆಟ್ಟಿದೆ, ಮೆಟ್ಟಿಲೇರಿ ಬಾರೆ.

ನಾವು ಬಿದ್ದು ಬಿದ್ದು ನಕ್ಕೆವು. ಹಾಡಿಗೆ ಮುಂಚಿನ ಒಲ್ಲೆ ಒಲ್ಲೆ, ಕೆಮ್ಮು, ಬೇರೆ ಬೇರೆ ಶ್ರುತಿ, ಮರೆವು, ಎತ್ತಿಕೊಡುವುದು, ಎಲ್ಲವನ್ನೂ ಹಾಡಿನೊಳಗೇ ಸೇರಿಸಿದ್ದಳು. ಯಾವುದು ಎಲ್ಲಿ ಬರಬೇಕೆಂದೂ ಹೇಳಿಕೊಟ್ಟಳು. ತನಗೆ ಮಾತ್ರ ಏನೂ ಇಟ್ಟುಕೊಂಡಿರಲಿಲ್ಲ. "ನಾನು ಮನೆಯಾಕೆ, ಕೂತು ಕೇಳ್ತೀನಿ, ಅಷ್ಟೆ."

ಅವಳು ಅತ್ತ ಹೋದ ಮೇಲೆ ಸರಳಾ ಕೇಳಿದಳು: "ಅಲ್ಲಾ ಲೀಲಮ್ಮ, ಅಷ್ಟು ದೊಡ್ಡವರ ಮುಂದೆ ನಾವು ಕೆಮ್ಕೊಂಡು, ಮರೆತ್ಕೊಂಡು ಕೂತ್ರೆ ಅವಳ ಗತಿ ಏನು? ಪಾಪ, ಅವಳಿಗೆ ಹೇಳೋಕೆ ಸಂಕೋಚ. ನಾವೇ ಅರ್ಥ ಮಾಡ್ಕೋಬೇಕು."

ಅದು ನಮಗೆಲ್ಲ ಬಲು ನ್ಯಾಯವಾಗಿ ಕಂಡಿತು. ಮನೆ ಹುಡುಗಿಯ ಮಾನ ನಮ್ಮ ಮಾನ ತಾನೆ? ಸರಳಾ ಫೋನಿನಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಂಡಳು. ಮಧ್ಯಾಹ್ನ ಧಾರಿಣಿ ನೋಯ್ಡಾದಲ್ಲಿರುವಾಗ ನಾವು ಸರಳಾಳ ಮನೆಯಲ್ಲಿ ಕದ ಹಾಕಿಕೊಂಡು ಅಭ್ಯಾಸ ಮಾಡಿದೆವು. ಜನ್ಮದಲ್ಲಿ ಸೇರದ ಶ್ರುತಿ ಸೇರಿಸಿದೆವು. ಮಗ್ಗಿಯಂತೆ ಬಾಯಿಪಾಠ ಮಾಡಿದೆವು.

ಪರೀಕ್ಷೆಯ ದಿನ ರೇಷ್ಮೆ ಸೀರೆ ಉಟ್ಟು, ಹೂವಿನ ಭಯ್ಯಾನ ಹತ್ತಿರ ಇದ್ದಷ್ಟೂ ಮಲ್ಲಿಗೆ ಕೊಂಡು, ಹೆಂಗಸರ ಬೋಗಿ ತುಂಬಿ ಹೋದೆವು. ಹಾಲ್‌ನಲ್ಲಿ ಸೇನ್ ಸಾಹೇಬರು, ಜೊತೆಗೆ ಇಬ್ಬರು ಪರೀಕ್ಷಕರು. ನಾವು ಜಮಖಾನೆಯ ಮೇಲೆ ಕೂತೆವು. ಯಾರೂ ಒಲ್ಲೆ ಎನ್ನಲಿಲ್ಲ, ಕೆಮ್ಮಲಿಲ್ಲ. ಒಂದೇ ಶ್ರುತಿ, ಒಂದೇ ಬಾಯಿ, ಒಂದಕ್ಷರ ತಪ್ಪಿಲ್ಲ. ಹೆಮ್ಮೆಯಿಂದ ಧಾರಿಣಿಯ ಕಡೆ ನೋಡಿದೆ. ಹಬ್ಬದ ರಂಗೋಲಿಯನ್ನು ಯಾರೋ ಗುಡಿಸಿಬಿಟ್ಟರೇನೋ ಎಂಬಂತಿತ್ತು ಅವಳ ಮುಖ. ಆಗ ನನಗೆ ಅರ್ಥವಾಯಿತು. ಅವಳು ಬೇಡಿದ್ದು ನಮ್ಮ ತಪ್ಪುಗಳನ್ನೇ. ನಾವು ಅದೊಂದನ್ನು ಬಿಟ್ಟು ಎಲ್ಲ ತಂದಿದ್ದೆವು.

ಹಾಡು ಬೇಗನೆ ಮುಗಿದುಹೋಯಿತು. ಒಬ್ಬ ಪರೀಕ್ಷಕರು ಗಡಿಯಾರ ನೋಡಿಕೊಂಡು, "ಬಸ್? ಖತಂ?" ಎಂದರು. ಧಾರಿಣಿ ತಲೆ ತಗ್ಗಿಸಿದಳು.

ನನಗೆ ಯಾವ ಉಪಾಯವೂ ಹೊಳೆದಿರಲಿಲ್ಲ. ಎಲ್ಲರದೂ ಆಯಿತು, ಇನ್ನು ಮನೆಯಾಕೆ ಹೇಳಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು. "ಖತಂ ಎಲ್ಲಿ ಬಂತು! ಧಾರಿಣಿ, ನಮ್ಮದಾಯ್ತಲ್ಲ, ನೀನೊಂದು ಹೇಳು" ಎಂದುಬಿಟ್ಟೆ.

ಅವಳು ಬೆಚ್ಚಿ ನೋಡಿದಳು. "ಅಯ್ಯೋ, ಬೇಡ ಲೀಲಮ್ಮ, ನನ್ನ ಗಂಟಲು ಸರಿಯಿಲ್ಲ."

"ನಿನ್ನ ಗಂಟಲಿಗೇನು ಬಂದಿದೆ ಧಾಡಿ?"

"ಸರಳಾ ಹೇಳ್ಲಿ."

"ನಾನ್ಯಾಕೆ ಹೇಳ್ಲಿ, ಕರೆದವಳು ನೀನು!" ಎಂದಳು ಸರಳಾ. "ಹೇಳೇ, ಹೇಳೇ" ಎಂದು ಎಲ್ಲರೂ ಮುತ್ತಿಕೊಂಡರು. ಅಲ್ಲಿ ಓಡಿಹೋಗಲು ಅಡುಗೆಮನೆ ಇರಲಿಲ್ಲ.

ಧಾರಿಣಿ ಕೆಮ್ಮಿದಳು. ಕಣ್ಣು ಮುಚ್ಚಿ, ಯಮುನೆ ದಾಟಿ ಬಾರೆ ಗೌರಿ ಎಂದು ಎತ್ತಿಕೊಂಡಳು. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದೂ, ಹೇಳಿಕೊಡುವಾಗಿನ ಗುನುಗು ಬಿಟ್ಟರೆ, ಆ ದನಿಯನ್ನು ನಾನು ಕೇಳಿರಲಿಲ್ಲ. ಒಂಚೂರು ಒಡಕು, ಒಂಚೂರು ಹೆದರಿಕೆ, ಆದರೆ ತುಂಬಿದ ದನಿ. ಮೊದಲ ಸಾಲು ಮುಗಿಯುತ್ತಿದ್ದಂತೆ ಅವಳ ಕಣ್ಣಲ್ಲಿ ನೀರು ಬಂತು, ತಾನೇ ಬರೆದ ಮುಂದಿನ ಸಾಲು ಮರೆತೇಹೋಯಿತು.

"ಲಿಫ್ಟು ಕೆಟ್ಟಿದೆ ಕಣೇ," ಎಂದು ಎತ್ತಿಕೊಟ್ಟೆ.

ಅವಳು ಅಳುತ್ತಲೇ ನಕ್ಕು ಮುಂದಕ್ಕೆ ಹಾಡಿದಳು. ನಾವು ಸೇರಿಕೊಂಡೆವು. ಶ್ರುತಿಪೆಟ್ಟಿಗೆ ಯಾರಿಗೆ ನೆನಪಿತ್ತು? ಸರಳಾ ಮೇಲೆ, ನಾನು ಕೆಳಗೆ, ಉಳಿದವರು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ.

ಮುಗಿದ ಮೇಲೆ ಧಾರಿಣಿ ಸೆರಗಿನಿಂದ ಮುಖ ಒರೆಸಿಕೊಂಡು, ಏನಾದರೂ ಕೇಳುವುದಿದೆಯೇ ಎಂದು ಸೇನ್ ಸಾಹೇಬರನ್ನು ಕೇಳಿದಳು.

"ಒಂದು ಪ್ರಶ್ನೆ ಇತ್ತು," ಎಂದರು ಅವರು. "ಈಗ ಇಲ್ಲ."

ಪಾಸಾದಳು. ಶಾಲೆಗೂ ಮರಳಿದಳು. ಈಗ ಅಲ್ಲಿನ ಮಕ್ಕಳು ಅವಳೇ ಕಟ್ಟಿದ ಹಾಡು ಹೇಳುತ್ತಾರೆ. ಅವಳಿಗೆ ತಿಳಿಯದಂತೆ ಅಭ್ಯಾಸ ಮಾಡಿದ್ದಕ್ಕೆ ನಮಗೆ ಸರಿಯಾಗಿ ಮಂಗಳಾರತಿ ಆಯಿತು, ಆಗಲಿ.

ಕಳೆದ ಶುಕ್ರವಾರ ಅವಳ ಮನೆಯಲ್ಲಿ ಸೇರಿದ್ದೆವು. ಎಲ್ಲರದೂ ಆಯಿತು. ಬೈಯಲು ಸಿದ್ಧಳಾಗಿಯೇ ನಾನು, "ಧಾರಿಣಿ, ಇನ್ನು ನೀನೊಂದು..." ಎನ್ನುವಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಿದ್ದಳು. ಒಲೆಯ ಮೇಲೆ ಕಾಫಿಗಿಟ್ಟ ಹಾಲು ಉಕ್ಕುತ್ತಿತ್ತು, ಏಳಲಿಲ್ಲ.

ಬಾಯಿಬಡುಕಿ!